ಶಾಮೀದಸಾಬರ ಅಳತೆಕೋಲು

ಶಾಮೀದಸಾಬರು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ವೆಲ್ಡರ್ ಆಗಿದ್ದವರು. ಕೃಷ್ಣೆಯ ಮೇಲೆ ನಡೆಯುವ ಜೋಡಿದೋಣಿ ಪಂದ್ಯಕ್ಕೆ ಇಪ್ಪತ್ತೆರಡು ವರ್ಷಗಳಿಂದ ಅವರದೇ ಅಳತೆ. ಎರಡು ಸಪೂರ ತಗಡಿನ ದೋಣಿಗಳನ್ನು ಅಡ್ಡ ಬಿದಿರಿನಿಂದ ಬಿಗಿದು ತಾಡಪತ್ರಿಯ ಹಾಯಿ ಏರಿಸಿದರೆ ಅದೇ ಜೋಡಿದೋಣಿ. ಮೊದಲನೆಯದನ್ನು ಕಟ್ಟಿದವರು ಸಾಬರು ಮತ್ತು ನನ್ನ ಮಾವ ಯಂಕೋಬ. ಮುಂದೆ ದೇವದುರ್ಗ, ಮಾನ್ವಿಯವರೂ ವರ್ಷವರ್ಷ ಹೊಸದು ಕಟ್ಟತೊಡಗಿ, ನಿನ್ನದು ಉದ್ದ, ನನ್ನದು ಗಿಡ್ಡ ಎಂದು ಜಗಳ ಹತ್ತಿತು. ಆಗ ಇಬ್ಬರೂ ತಮ್ಮ ದೋಣಿಯಷ್ಟೇ ಉದ್ದದ ಬಿದಿರುಕೋಲು ಕಡಿದು, ಹಾಯಿಕಂಬದ ಜಾಗ ತಿಳಿಯಲೆಂದು ನಟ್ಟನಡುವೆ ಒಂದು ಗೆರೆ ಸುಟ್ಟರು. ಕೋಲು ಮೀರಿದ ದೋಣಿ ನೀರಿಗಿಳಿಯುವಂತಿಲ್ಲ.

ಮಾವ ತೀರಿಕೊಂಡು ಹನ್ನೆರಡು ವರ್ಷ. ಅಷ್ಟೂ ಕಾಲ ಆ ಮೊದಲ ದೋಣಿ ನಮ್ಮ ಅತ್ತೆ ಬಸ್ಸಮ್ಮನವರ ಛಪ್ಪರದಲ್ಲಿ ಬೋರಲಾಗಿ ಬಿದ್ದಿತ್ತು. ಈ ಸಂಕ್ರಾಂತಿಗೆ ನನ್ನ ಗಂಡ ಗೌತಮ ಅದನ್ನು ಪಂದ್ಯಕ್ಕೆ ಇಳಿಸುತ್ತೇನೆಂದು ಹೊರಟರು. ರಾಯಚೂರಿನಲ್ಲಿ ಓದಿದ ನಾನು ನದಿಯನ್ನು ಸೇತುವೆ ಮೇಲಿನಿಂದ ಮಾತ್ರ ಕಂಡವಳು. ಏಳು ತಿಂಗಳ ಮಗಳನ್ನು ಎದೆಗವಚಿಕೊಂಡು ದಂಡೆಗೆ ಬಂದರೆ ಕಾಲು ಒಂದೆಡೆ ನಿಲ್ಲಲೊಲ್ಲವು. ಗಾಳಿ ಜೋರಾಯಿತೇ? ಇಷ್ಟು ಹಳೆಯ ಬೆಸುಗೆ ತಡೆದೀತೇ?

ಸಾಬರು ಕೋಲಿಟ್ಟು ನೋಡಿದರು. ದೋಣಿ ನಾಲ್ಕು ಬೆರಳು ಹೆಚ್ಚಿತ್ತು.

“ನಡಿಯಂಗಿಲ್ಲ,” ಅಂದರು, ಅತ್ತೆಯ ಮುಖ ನೋಡದೆ.

ಮಾನ್ವಿಯ ದೋಣಿಯ ಅಮೀರ್ ಸಾಬ್ ನಕ್ಕ. “ಯವ್ವಾ, ಹನ್ನೆರಡು ವರ್ಷ ಮಲಗಿ ಮಲಗಿ ಬೆಳದದೇನ ನಿಮ್ಮ ದೋಣಿ?”

ನನಗೆ ಒಳಗೊಳಗೇ ಜೀವ ಹಗುರಾಯಿತು. ಇಷ್ಟಕ್ಕೇ ಮುಗಿಯಲಿ.

ಅತ್ತೆ ಮುಂದೆ ಬಂದರು. ಹಗ್ಗವೊಂದನ್ನು ಕೋಲಿನ ತುದಿಯಿಂದ ಸುಟ್ಟ ಗೆರೆಯವರೆಗೆ ಹಿಡಿದು ಗಂಟು ಹಾಕಿದರು. ಅದನ್ನೇ ಗೆರೆಯಿಂದ ಇನ್ನೊಂದು ತುದಿಗೆ ಎಳೆದರು. ಕೋಲು ಮುಗಿದರೂ ಹಗ್ಗ ನಾಲ್ಕು ಬೆರಳು ಉಳಿಯಿತು.

“ಶಾಮೀದಣ್ಣಾ, ನಡುವಿನ ಗೆರಿ ಸರದಾಡತದೇನು?”

ಸಾಬರು ಆ ತುದಿಯನ್ನು ಹೆಬ್ಬೆರಳಿನಿಂದ ಸವರುತ್ತ ಕೂತುಬಿಟ್ಟರು. ಸುಮ್ಮನಿರಲಿ, ಸುಮ್ಮನಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

“ನೆಲಕ್ಕ ಬಡಿದು ಬಡಿದು ತುದಿ ಸೀಳತಿತ್ತು, ತಂಗಿ. ಯಾರಿಗರ ಚುಚ್ಚೀತು ಅಂತ ವರ್ಷಾ ಗರಗಸ ಹಾಕಿ ನುಣ್ಣಗ ಮಾಡಿಡತಿದ್ದೆ. ಗಲ್ತಿ ನಂದು.”

“ಹಂಗಾರ ನಮ್ಮವೆಲ್ಲಾ ಗಿಡ್ಡ ಆದ್ವು?” ಅಮೀರನ ನಗು ಆರಿತ್ತು.

“ಆದ್ವು. ನಾನ ಮಾಡೀನಿ.”

“ಅಳಬ್ಯಾಡಪಾ ಅಮೀರಾ,” ಅಂದರು ಅತ್ತೆ. “ನಾವು ನಾಕು ಬೆರಳು ಹಿಂದ ನಿಂತು ದೋಣಿ ಬಿಡತೀವಿ.”

ದಂಡೆಯೆಲ್ಲ ನಕ್ಕಿತು. ಸಾಬರು ನಗಲಿಲ್ಲ. ಹೊಸ ಬಿದಿರೊಂದನ್ನು ಮಾವನ ದೋಣಿಯ ಪಕ್ಕ ಮಲಗಿಸಿ, ಸರಿಯಾಗಿ ಅಷ್ಟಕ್ಕೇ ಕೊಯ್ದು ಅತ್ತೆಯ ಕೈಗಿಟ್ಟರು. “ಮುಂದಿನ ವರ್ಷ ಎಲ್ಲಾರೂ ಇದಕ್ಕ ಕಟ್ರಿ. ಕೋಲು ಇನ್ನ ನಿನ್ನ ಮನ್ಯಾಗ ಇರಲಿ. ನನ್ನ ಕೈ ಸುಮ್ಮನ ಕೂಡಂಗಿಲ್ಲ.”

ಗೌತಮ ಹಾಯಿ ಬಿಚ್ಚಿದರು. ನನ್ನ ಮುಖ ಕಂಡು ಸಾಬರು ಹತ್ತಿರ ಬಂದರು.

“ಅಂಜಬ್ಯಾಡ ಯವ್ವಾ. ಬೆಸುಗಿ ನಂದ ಅದ.”

ಕೋಲನ್ನು ನುಣ್ಣಗೆ ಮಾಡಿದ್ದೂ ಅದೇ ಕೈ. ದೋಣಿ ದಂಡೆ ಬಿಟ್ಟಿತು. ಮಗಳು ಅಳತೊಡಗಿದ ಮೇಲೆಯೇ ಅವಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದು ನನಗೆ ತಿಳಿದದ್ದು.