ಮಿಲ್ಟ್ರಿ ಮಾವನಿಗೆ ಹೆಗಲು

ನಮ್ಮ ಕಡೆ ರೇಷ್ಮೆ ಹುಳ ಇರುವ ಮನೆಗೆ ಕಾಲು ತೊಳೆದೇ ಹೋಗಬೇಕು. ಹೆಣ ಹೊತ್ತವರಂತೂ ತಲೆಗೆ ಸ್ನಾನ ಮಾಡಿದರೂ ಸರಿ, ಆ ಬೆಳೆಯ ಗೂಡು ಬಿಡಿಸುವ ತನಕ ಒಳಗೆ ಬರುವ ಹಾಗಿಲ್ಲ. ಸೂತಕ ತಾಗಿದರೆ ಹುಳಕ್ಕೆ ರೋಗ ಎನ್ನುವ ನಂಬಿಕೆ. ವಿರೂಪಾಕ್ಷಿಪುರದ ಹತ್ತಿರದ ನಮ್ಮ ಊರಿನಲ್ಲಿ ಮನೆಮನೆಯ ನಡುಮನೆಯಲ್ಲೂ ಹುಳದ ತಟ್ಟೆ. ಹಾಗಾಗಿ ಯಾರು ತೀರಿಕೊಂಡರೂ ಮೊದಲು ಹೆಗಲು ಕೊಡುತ್ತಿದ್ದವರು ಪಕ್ಕದ ಮನೆಯ ಮಿಲ್ಟ್ರಿ ಮಾವ. ಹುಳ ಸಾಕದವರು ಅವರೊಬ್ಬರೇ.

ಹೆಂಡತಿ ಹೋಗಿ ಎಷ್ಟೋ ಕಾಲವಾಗಿತ್ತು. ಮಕ್ಕಳಿರಲಿಲ್ಲ. ಎಂಬತ್ತು ದಾಟಿದ ಮೇಲೂ ಬೆಳಗಾಗುತ್ತಲೇ ಗಡ್ಡ ಬೋಳಿಸಿ, ಹಾಸಿಗೆಯ ಸುಕ್ಕು ತೆಗೆದು, ಕಾಫಿಗೆಂದು ನಮ್ಮ ಜಗಲಿಗೆ ಬಂದು ಕೂರುವರು. ಹುಳ ದೊಡ್ಡವಾಗಿ ಸೊಪ್ಪು ಮೇಯುವ ದಿನಗಳಲ್ಲಿ ಮಾತ್ರ ಬರುತ್ತಿರಲಿಲ್ಲ. ಲೋಟ ಹಿಡಿದು ನಾನೇ ಹೋಗುತ್ತಿದ್ದೆ.

"ಯಾಕ್ ಮಾವ, ನಮ್ಮನೆ ಹುಳ ಕಂಡ್ರೆ ಭಯವಾ? ಯುದ್ಧ ಮಾಡ್ದೋರು ನೀವು!" ಎಂದು ಒಮ್ಮೆ ಕೆಣಕಿದೆ.

"ಹುಳ ಅಲ್ಲ ಕಣವ್ವಾ, ಆ ಸದ್ದು. ಮಳೆ ಹುಯ್ದಂಗೇ ಕೇಳ್ತದೆ. ಗಡೀಲಿ ಅಂಥ ಮಳೇಲೇ ನನ್ ಜೊತೆಗಾರನ್ನ ಬುಟ್ಟು ಬಂದ್ಬುಟ್ಟೋ. ಎತ್ಕಂಡ್ ಬರಕ್ಕಾಗ್ನಿಲ್ಲ." ಕೊನೆಯ ಗುಟುಕು ಕುಡಿದು, "ಸಕ್ರೆ ಒಸಿ ಕಮ್ಮಿ ಆಗೈತೆ" ಎಂದರು.

ಹೋದ ವರ್ಷ ಅವರು ತೀರಿಕೊಂಡ ಬೆಳಿಗ್ಗೆ ಇಡೀ ಬೀದಿಯಲ್ಲಿ ಹುಳ ಹಣ್ಣಾಗಿ ಗೂಡು ಕಟ್ಟಲು ನಿಂತಿತ್ತು. ಹಣ್ಣಾದ ಹುಳ ಕಾಯುವುದಿಲ್ಲ. ಆಯ್ದು ಆಯ್ದು, ಗೂಡು ಕಟ್ಟುವ ಬಿದಿರಿನ ತಟ್ಟಿ ಚಂದ್ರಿಕೆಗೆ ಬಿಡದಿದ್ದರೆ ಕಂಡಲ್ಲಿ ನೂಲು ಬಿಟ್ಟು ಬೆಳೆಯೇ ಹಾಳು. ಗಂಡಸರೆಲ್ಲ ಬಂದು ಅಂಗಳದ ಹೊರಗೇ ನಿಂತರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಳಗೆ ಮಾವ ಒಬ್ಬರೇ.

"ಚನ್ನಪಟ್ಟಣದಿಂದ ಗಾಡಿ ಕರ್ಸಾಣ, ಕೂಲಿಯೋರೇ ಎತ್ತಾಕ್ತಾರೆ" ಎಂದರು ಯಾರೋ.

ನನ್ನ ಗಂಡ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ನಮ್ಮಪ್ಪನ್ನ ಹೊತ್ತೋರು ಕಣ್ಲಾ ಅವ್ರು. ಗಾಡೀಲಿ ಹಾಕ್ ಕಳ್ಸಕ್ಕಾದದಾ?" ಎನ್ನುತ್ತ ಒಳಗೆ ಹೋದರು. ಒಂದು ಗಳಿಗೆ ಬಿಟ್ಟು ಇನ್ನೂ ಮೂವರು ಹಿಂದೆ ಹೋದರು.

ಮಣ್ಣು ಮಾಡಿ ಬಂದ ನಾಲ್ವರೂ ತಮ್ಮ ಮನೆ ಸೇರುವಂತಿರಲಿಲ್ಲ. ಗೂಡು ಬಿಡಿಸುವ ತನಕ ಮಾವನ ಮನೆಯಲ್ಲೇ ಉಳಿದರು. ಇತ್ತ ಹುಳವೆಲ್ಲ ನಾನೊಬ್ಬಳೇ ಆಯ್ದೆ. ಹಣ್ಣಾದ ಹುಳ ಸೊಪ್ಪು ಮುಟ್ಟುವುದಿಲ್ಲ, ಮನೆಯಲ್ಲಿ ಒಂದು ಸದ್ದಿಲ್ಲ. ಹಿಟ್ಟಿನ ಮುದ್ದೆ, ಸಾರು ಒಯ್ದು ಆ ಜಗಲಿಯ ಮೇಲಿಟ್ಟು, ದೂರದಿಂದಲೇ ಗಂಡನ ಜೊತೆ ಎರಡು ಮಾತಾಡಿ ಬರುತ್ತಿದ್ದೆ. ಒಳಗಿನಿಂದ, "ಲೇ, ಹಾಸಿಗೆ ನೆಟ್ಟಗೆ ಮಡಚ್ಲಾ, ಮಾವ ನೋಡುದ್ರೆ ಉಗೀತಾರೆ!" ಎಂಬ ಕೂಗು, ಅದರ ಹಿಂದೆ ನಗು. ಮಾವ ಇದ್ದಾಗ ಆ ಮನೆಯಲ್ಲಿ ಅಷ್ಟು ಜನರ ದನಿ ನಾನು ಕೇಳಿದ್ದೇ ಇಲ್ಲ.

ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋದ ದಿನ ನಾಲ್ವರೂ ಅವರವರ ಮನೆಗೆ ಹೋದರು. ಮಾವನ ಮನೆಯ ಬೀಗದ ಕೈ ನಮ್ಮ ಬಾಗಿಲ ಪಕ್ಕದ ಮೊಳೆಗೆ ಬಂತು. ಈಗ ಊರಿನಲ್ಲಿ ಸಾವಾದರೆ ಹೊತ್ತವರು ಅದನ್ನು ಕೇಳಿಕೊಂಡು ಬರುತ್ತಾರೆ, ಅಲ್ಲೇ ಇದ್ದು ಹೋಗುತ್ತಾರೆ. ಮಿಕ್ಕ ದಿನ ಆ ಮನೆ ಖಾಲಿ.

ಈ ವಾರ ನಮ್ಮ ಹುಳ ಮೇಯುತ್ತಿವೆ. ಮಳೆಯದೇ ಸದ್ದು. ಬೆಳಿಗ್ಗೆ ಕಾಫಿ ಸೋಸುವ ಮುಂಚೆ, ಗೋಡೆಯಾಚೆ ಯಾರೂ ಇಲ್ಲವೆಂದು ಗೊತ್ತಿದ್ದೂ, ಆ ಕಡೆಯ ಕಿಟಕಿ ಮುಚ್ಚಿ ಬಂದೆ.