ಹುಬ್ಬೆತ್ತಿದ ಮಂತ್ರಿ

ಚುಂಚನಕಟ್ಟೆ ಹತ್ತಿರದ ನಮ್ಮೂರಿಗೆ ಕೇಬಲ್ ಬಂದ ವರ್ಷ, ಸಂಜೆಯಾದರೆ ಟಿ.ವಿ. ಮುಂದೆ ಅಜ್ಜಿ, ದೊಡ್ಡಪ್ಪ, ಪಕ್ಕದ ಮನೆಯ ಅತ್ತೆ ಮತ್ತು ನಾನು. ನೋಡುತ್ತಿದ್ದುದು ಚೀನಾದ ಯಾವುದೋ ಅರಮನೆಯ ಹಳೇ ಕಾಲದ ಧಾರಾವಾಹಿ. ಭಾಷೆ ಒಬ್ಬರಿಗೂ ತಿಳಿಯದು, ಅಭಿಪ್ರಾಯ ಮಾತ್ರ ಎಲ್ಲರಿಗೂ ಇತ್ತು.

“ಈ ರಾಣಿ ಅಳಾದು ನೋಡಿ, ಮೂಗೇ ಕೆಂಪಾಗಿಲ್ಲ. ಕಣ್ಣಿಗೆ ನೀರು ಅಚ್ಕಂಡವ್ಳೆ,” ಎನ್ನುತ್ತಿದ್ದರು ಅತ್ತೆ.

ದೊಡ್ಡಪ್ಪನಿಗೆ ಹಿಡಿಸಿದ್ದು ಕೆಟ್ಟ ಮಂತ್ರಿ. “ಬಾಯೇ ಬುಡಲ್ಲ ಕಣವ್ವ, ಬರೀ ಹುಬ್ಬೆತ್ತಿ ಎಲ್ರುನೂ ನಡುಗುಸ್ತಾನೆ.”

“ಅದೇನ್ ಆಕ್ಟಿಂಗ್ಲಾ? ಟೀ ಕುಡ್ಕಂಡು ಕೂತವ್ನೆ,” ಎಂದಳು ಅಜ್ಜಿ.

ಊರಿನ ನಾಟಕದಲ್ಲಿ ವರ್ಷವೂ ದೊಡ್ಡಪ್ಪನದೇ ಮಂತ್ರಿ ಪಾತ್ರ. ಬರೀ ಕಿರುಚುತ್ತಾರೆಂದು ಜನ ಆಡಿಕೊಂಡಿದ್ದರು. ಈ ಸಲವೂ ಹಾಗಾದರೆ ಮುಂದಿನ ವರ್ಷ ಪಾತ್ರ ಬೇರೆಯವರಿಗೆ ಎಂದು ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು ಹೇಳಿಬಿಟ್ಟಿದ್ದರು.

ನಾಟಕದ ದಿನ ರಾಜ ಕೇಳಿದ ಪ್ರಶ್ನೆಗೆ ದೊಡ್ಡಪ್ಪ ಉತ್ತರ ಕೊಡದೆ ಮೆಲ್ಲಗೆ ಒಂದು ಹುಬ್ಬು ಎತ್ತಿದರು. ಮಾತು ಮರೆತಿರಬೇಕೆಂದು ಮೇಷ್ಟ್ರು ಪರದೆಯ ಹಿಂದಿನಿಂದ ಪಿಸುಗುಟ್ಟಿದರು. ದೊಡ್ಡಪ್ಪ ಕದಲಲಿಲ್ಲ. ಅದೇ ನಾಟಕ ನೋಡಿ ನೋಡಿ ಬಾಯಿಪಾಠವಾಗಿದ್ದ ಮುಂದಿನ ಸಾಲಿನವರು ಅವರ ಮಾತನ್ನು ಒಟ್ಟಿಗೇ ಗಟ್ಟಿಯಾಗಿ ಹೇಳಿಕೊಟ್ಟರು. ಆಗಲೂ ಹುಬ್ಬು ಇಳಿಯಲಿಲ್ಲ.

ಅಜ್ಜಿ ಎದ್ದು ನಿಂತಳು. “ಮರ್ತಿಲ್ಲ, ಸುಮ್ನಿರ್ರಪ್ಪ. ಆಕ್ಟ್ ಮಾಡ್ತಾವ್ನೆ.”

ಮಾರನೆಯ ಸಂಜೆ ನಮ್ಮ ಟಿ.ವಿ. ಮುಂದೆ ಮೇಷ್ಟ್ರೂ ಬಂದು ಕೂತರು. ಚೀನಾದ ಮಂತ್ರಿ ಟೀ ಕುಡಿದು ಮುಗಿಸುವವರೆಗೂ ಅವನ ಹುಬ್ಬನ್ನೇ ನೋಡಿದರು. ಆಮೇಲೆ ದೊಡ್ಡಪ್ಪನಿಗೆ, “ಮುಂದಿನ ವರ್ಷಾನೂ ನೀನೇ ಮಾಡು. ನಂಗೊಂದು ಮಾತು ಮೊದ್ಲೇ ಹೇಳು,” ಎಂದು ಎದ್ದು ಹೋದರು.