ಬೆನ್ನ ಹಿಂದಿನ ಕೈ

ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಕಾಲೇಜಿನಲ್ಲಿ ಎಲ್ಲರ ಬಾಯಲ್ಲೂ ಅವರು ಕಲ್ಲು ಮೇಡಂ. ಭೂವಿಜ್ಞಾನ ಕಲಿಸುವವರಿಗೆ ಇನ್ನೇನು ಹೂವಿನ ಹೆಸರು ಇಡುತ್ತಾರೆಯೇ? ಮೊಣಕಾಲು ಕೈಕೊಡುವವರೆಗೂ ಅವರು ಹತ್ತದ ಗುಡ್ಡವಿರಲಿಲ್ಲ. ಮಕ್ಕಳಿಗೆ ಅವರ ಮೊದಲ ಪಾಠ, ಹತ್ತಿರ ನಿಂತರೆ ಬರೀ ಕಲ್ಲು ಕಾಣುತ್ತದೆ, ಹಿಂದೆ ಸರಿದರೆ ಪದರಗಳ ಬಾಗು ಕಾಣುತ್ತದೆ. ಅದರ ಬೆನ್ನಿಗೇ ಇನ್ನೊಂದು: ಹಿಂದೆ ಸರಿಯುವ ಮುಂಚೆ ಹಿಂದೆ ನೋಡು. ಮೊದಲನೆಯದು ಪರೀಕ್ಷೆಗೆ, ಎರಡನೆಯದು ಜೀವಕ್ಕೆ ಎನ್ನುತ್ತಿದ್ದರು.

ಆಮೇಲೆ ಕಾಲೇಜಿಗೆ ವಿಆರ್ ಯಂತ್ರ ಬಂತು. ಹಳೆಯ ನಕ್ಷೆಗಳನ್ನು ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿ, ಬೆಂಚುಗಳನ್ನು ಗೋಡೆಗೆ ಒತ್ತರಿಸಿ, ನಡುವೆ ಜಾಗ ಮಾಡಿದರು. ಹೆಡ್‌ಸೆಟ್ ಕಣ್ಣಿಗೆ ಕಟ್ಟಿಕೊಂಡರೆ ಎದುರಿಗೆ ಇಡೀ ಕಲ್ಲುಗಣಿ ಎದ್ದು ನಿಲ್ಲುತ್ತಿತ್ತು. ಕೈಯಲ್ಲಿನ ಪ್ಲಾಸ್ಟಿಕ್ ಹಿಡಿ ಒಮ್ಮೆ ಸುತ್ತಿಗೆ, ಒಮ್ಮೆ ದಿಕ್ಸೂಚಿ. ಮೇಡಂ ಒಂದೇ ಒಂದು ಸಲ ಕಟ್ಟಿಕೊಂಡರು, ಹೊಟ್ಟೆ ತೊಳಸಿ ಬಚ್ಚಲಿಗೆ ಓಡಿದರು. ಕಲ್ಲು ಮೇಡಂ ಹೊಟ್ಟೆಯಲ್ಲಿ ಭೂಕಂಪ ಎಂದು ಮಕ್ಕಳು ಆಡಿಕೊಂಡಾಗ ಅವರೂ ನಕ್ಕರು. ಯಂತ್ರದ ಮೇಲೆ ಅವರಿಗೆ ಹಗೆಯೇನೂ ಇರಲಿಲ್ಲ. ಉಬ್ಬಸದ ಹುಡುಗನೊಬ್ಬ ಅದರಲ್ಲಿ ಶಿಖರ ಹತ್ತಿ ಕುಣಿದಾಡಿದ್ದನ್ನು ಅವರು ಕಣ್ಣಾರೆ ಕಂಡಿದ್ದರು.

ತೊಂದರೆ ಇದ್ದದ್ದು ಕೋಣೆಯಲ್ಲಿ. ಗೋಡೆ ಹತ್ತಿರವಾದರೆ ಹೆಡ್‌ಸೆಟ್‌ನೊಳಗೆ ನೀಲಿ ಬಲೆಯೊಂದು ಮೂಡಿ ಎಚ್ಚರಿಸಬೇಕು. ಇಕ್ಕಟ್ಟಾದ ಕೋಣೆಯಲ್ಲಿ ಎರಡು ಹೆಜ್ಜೆಗೊಮ್ಮೆ ಬಲೆ ಬಂದು ಕಲ್ಲನ್ನೇ ಮುಚ್ಚಿಬಿಡುತ್ತಿತ್ತು. ಕಂಪ್ಯೂಟರ್ ನೋಡಿಕೊಳ್ಳುವವನು ಅದನ್ನು ಆರಿಸಿಬಿಟ್ಟ. ಮೇಡಂ ಹಿಂದೆ ನಿಂತುಕೊಂಡರೆ ಸಾಕು ಎಂದ. ಹಾಗೆ, ಊರೂರು ಗುಡ್ಡ ಸುತ್ತಿದ್ದ ಹೆಂಗಸಿಗೆ ಮಕ್ಕಳ ಬೆನ್ನ ಹಿಂದೆ ನಿಲ್ಲುವುದೇ ಕೆಲಸವಾಯಿತು. ಯಾರಾದರೂ ಹಿಂದೆ ಸರಿಯುತ್ತಾ ಗೋಡೆಯ ಹತ್ತಿರ ಬಂದರೆ ಬೆನ್ನಿಗೆ ಅಂಗೈ ಆನಿಸುವರು. ಮಕ್ಕಳು ಅಲ್ಲೇ ನಿಲ್ಲುವರು. ಮಾತೇ ಬೇಕಿರಲಿಲ್ಲ.

ಆ ಮಕ್ಕಳಲ್ಲಿ ಒಬ್ಬಳು ಅವರ ತಂಗಿಯ ಮಗಳು. ಓದಲೆಂದು ಅವರ ಮನೆಯಲ್ಲೇ ಇದ್ದಳು. ಕುಳಿತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಅವಳನ್ನು ಮನೆಯವರೆಲ್ಲ ಅಳಿಲು ಎನ್ನುತ್ತಿದ್ದರು. ಮನೆಯಲ್ಲಿ ದೊಡ್ಡಮ್ಮ, ತರಗತಿಯಲ್ಲಿ ಮೇಡಂ ಎಂದು ಕರೆಯಬೇಕೆಂಬ ಒಪ್ಪಂದ ಅವಳಿಗೆ ವಾರಕ್ಕೊಮ್ಮೆಯಾದರೂ ಮರೆತುಹೋಗುತ್ತಿತ್ತು. ಮಗಳನ್ನು ಬಿಟ್ಟುಹೋಗುವ ದಿನ ತಂಗಿ ಬಾಗಿಲಲ್ಲಿ ನಿಂತು ಹೇಳಿದ್ದಳು: "ಅಕ್ಕಾ, ಇವಳ ಕಾಲು ನೆಲದ ಮೇಲೆ ನಿಲ್ಲಲ್ಲ. ನಿನ್ನ ಕೈಗೆ ಹಾಕಿದೀನಿ, ನೋಡ್ಕೋ."

ಬೇರೆ ಮಕ್ಕಳು ಅಂಗೈ ತಾಗಿದೊಡನೆ ಬೆಚ್ಚಿ ಮುಂದೆ ಸರಿಯುತ್ತಿದ್ದರು. ಅಳಿಲು ಹಾಗಲ್ಲ, ಗೋಡೆಗೆ ಒರಗಿದಂತೆ ಆ ಕೈಗೆ ಒರಗಿ ಆರಾಮವಾಗಿ ಪದರ ನೋಡುತ್ತಿದ್ದಳು. ಅದನ್ನು ಕಂಡಾಗಲೆಲ್ಲ ಮೇಡಂಗೆ ಒಳಗೊಳಗೇ ಪುಕುಪುಕು. ಈ ಮಕ್ಕಳಿಗೆ ಕಲ್ಲು ಓದಲು ಬಂತು, ಕಾಲಿಡಲು ಬರಲಿಲ್ಲ ಎನಿಸುತ್ತಿತ್ತು. ಒಂದೇ ಒಂದು ದಿನ ನಿಜವಾದ ಕಲ್ಲುಗಣಿಗೆ ಕರೆದುಕೊಂಡು ಹೋಗೋಣವೆಂದು ವಿಭಾಗದ ಮುಖ್ಯಸ್ಥರ ಹಿಂದೆ ಬಿದ್ದರು. ಅವರು ಒಳ್ಳೆಯವರೇ, ಪುಕ್ಕಲು ಅಷ್ಟೆ. ಎಲ್ಲವೂ ಕೋಣೆಯಲ್ಲೇ ಇರುವಾಗ ಬಿಸಿಲಿಗೆ ಯಾಕೆ ಎಂದರು.

"ದೂರದ ಬೆಟ್ಟ ನುಣ್ಣಗೆ ಅಂತಾರೆ ಸಾರ್. ಇದರಲ್ಲಿ ಹತ್ತಿರದ ಬೆಟ್ಟಾನೂ ನುಣ್ಣಗಿದೆ," ಎಂದರು ಮೇಡಂ.

ಮುಖ್ಯಸ್ಥರಿಗೆ ನಗು ಬಂತು. ನಕ್ಕವರು ಒಪ್ಪಿದರು. ಏನೇ ಆದರೂ ಹೊಣೆ ನಿಮ್ಮದೇ ಎಂದೂ ಸೇರಿಸಿದರು.

ಗಣಿ ಕೆಲಸ ನಿಂತು ಬಹುಕಾಲವಾಗಿತ್ತು. ಬಂಡೆಯನ್ನು ಕಡಿದು ಕಡಿದು ದೊಡ್ಡ ಮೆಟ್ಟಿಲುಗಳಂತೆ ಬಿಟ್ಟಿದ್ದರು. ಒಂದೊಂದು ಮೆಟ್ಟಿಲೂ ಒಂದಾಳಿಗಿಂತ ಎತ್ತರ. ಬಸ್ಸಿನಲ್ಲಿ ಮೇಡಂ ಎರಡನೆಯ ಪಾಠವನ್ನು ಮತ್ತೆ ಮತ್ತೆ ಹೇಳಿಸಿದರು, ಮಕ್ಕಳು ಮಗ್ಗಿಯಂತೆ ಒಪ್ಪಿಸಿದರು. ಮೇಲೆ ಹೋಗುವ ದಾರಿ ಅವರ ಮೊಣಕಾಲಿಗೆ ಆಗುವಂಥದ್ದಾಗಿರಲಿಲ್ಲ. ಎಳೆಯ ಮೇಷ್ಟ್ರೊಬ್ಬರು ಮೊದಲ ಗುಂಪನ್ನು ಮೇಲಿನ ಮೆಟ್ಟಿಲಿಗೆ ಕರೆದೊಯ್ದರು. ಮೇಡಂ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದರು.

ಅಳಿಲು ಬಂಡೆಗೆ ಮುಖ ಮಾಡಿ ನಿಂತಿದ್ದಳು. ಬಾಗು ಪೂರ್ತಿ ಕಾಣಬೇಕಲ್ಲ, ಒಂದು ಹೆಜ್ಜೆ ಹಿಂದೆ ಸರಿದಳು. ಇನ್ನೊಂದು. ಕೆಳಗಿನಿಂದ ಮೇಡಂಗೆ ಅವಳ ಹಿಮ್ಮಡಿ ಕಂಡಿತು, ಅಂಚಿನಿಂದ ಆಚೆಗೆ. ಒಂದು ಕೂಗಿಗೆ ಇಡೀ ತರಗತಿ ತಣ್ಣಗಾಗುವಂಥ ಗಂಟಲು ಅವರದು. ಆದರೆ ಬೆನ್ನ ಹಿಂದೆ ನಿಂತು ನಿಂತು ಅಭ್ಯಾಸವಾಗಿತ್ತು, ಮೊದಲು ಮುಂದಾದದ್ದು ಕೈ. ಬರಿಯ ಗಾಳಿಯಲ್ಲಿ ಅಂಗೈ ಚಾಚಿಕೊಂಡೇ ನಿಂತರು. ಕೂಗು ಬಾಯಿಗೆ ಬರುವ ಹೊತ್ತಿಗೆ ಹುಡುಗಿ ಕೆಳಗಿದ್ದಳು.

ಅವಳಿಗೆ ಎಚ್ಚರ ತಪ್ಪಿರಲಿಲ್ಲ. ಪಾದವೊಂದು ತಿರುಗಬಾರದ ಕಡೆಗೆ ತಿರುಗಿತ್ತು. ಕುಂಟುತ್ತಾ ಓಡಿ ಬಂದ ಮೇಡಂ ಮುಖವನ್ನೇ ನೋಡಿದಳು. ದೂರಲಿಲ್ಲ, ಅಳಲೂ ಇಲ್ಲ. ಅವಳಿಗೆ ಬರೀ ಆಶ್ಚರ್ಯವಾಗಿತ್ತು.

"ನೀನು ಹಿಂದೆ ಇದ್ದೀಯ ಅಂದ್ಕೊಂಡೆ, ದೊಡ್ಡಮ್ಮ."

ಆಸ್ಪತ್ರೆಯಲ್ಲಿ ಕಾಲಿಗೆ ಸರಳು ಹಾಕಿದರು. ನೆಲದ ಮೇಲೆ ನಡೆದಾಳು, ಗುಡ್ಡದ ಆಸೆ ಬಿಡಬೇಕು ಎಂದರು ಡಾಕ್ಟರು. ತಂಗಿ ಬಂದವಳು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇನ್ನು ಮುಂದೆ ಯಾರೂ ಹೊರಗೆ ಹೋಗಕೂಡದು, ಎಲ್ಲ ಕೋಣೆಯಲ್ಲೇ ಎಂದು ಮುಖ್ಯಸ್ಥರು ಆಜ್ಞೆ ಹೊರಡಿಸಿದರು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ ಎಂದು ಮೇಡಂ ಕೇಳಬೇಕೆಂದಿದ್ದರು. ಯಾವ ಮುಖ ಹೊತ್ತು ಕೇಳುವುದು?

ಅಳಿಲು ಮತ್ತೆ ತರಗತಿಗೆ ಬಂದಳು. ಅವಳಿಗೆ ಉಳಿದದ್ದು ಹೆಡ್‌ಸೆಟ್‌ನೊಳಗಿನ ಬೆಟ್ಟ ಮಾತ್ರ. ಊರುಗೋಲನ್ನು ಬೆಂಚಿಗೆ ಒರಗಿಸಿ, ಕಣ್ಣಿಗೆ ಕಟ್ಟಿಕೊಂಡು, ಕಾಲೆಳೆಯುತ್ತಾ ಹಿಂದೆ ಸರಿಯತೊಡಗಿದಳು. ಇವತ್ತು ಕೈ ಆನಿಸುವುದಿಲ್ಲ ಎಂದು ಮೇಡಂ ಬೆಳಗ್ಗೆಯೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ಗೋಡೆ ಒಮ್ಮೆ ಬಡಿಯಲಿ, ಹಿಂದೆ ನೋಡುವುದನ್ನು ಗೋಡೆಯಾದರೂ ಕಲಿಸಲಿ. ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತರು.

ಇನ್ನೊಂದು ಹೆಜ್ಜೆ ಉಳಿದಿತ್ತು. ಅವಳ ಕಾಲು ಸ್ವಲ್ಪ ನಡುಗಿತು. ಸೆರಗು ಯಾವಾಗ ಬಿಚ್ಚಿತೋ, ಅಂಗೈ ಯಾವಾಗ ಬೆನ್ನಿಗೆ ಹೋಯಿತೋ ಮೇಡಂಗೆ ತಿಳಿಯಲಿಲ್ಲ. ಹುಡುಗಿ ತಿರುಗಿಯೂ ನೋಡದೆ ತನ್ನ ಭಾರವನ್ನೆಲ್ಲ ಅದರ ಮೇಲೆ ಬಿಟ್ಟಳು.

"ಎಷ್ಟು ಚೆನ್ನಾಗಿ ಬಾಗಿದೆ ನೋಡು ದೊಡ್ಡಮ್ಮ," ಎಂದಳು.

ಮೇಡಂ ನೋಡಿದರು. ಎದುರಿಗೆ ಇದ್ದದ್ದು ಸುಣ್ಣದ ಗೋಡೆ.

"ಹೂಂ," ಎಂದರು.